ಎರೆಮಣ್ಣಿನಲ್ಲಿ ಬಸಳೆ

ಹತ್ತಿಮತ್ತೂರಿನ ನೆಲ ಮೊದಲ ದಿನವೇ ನನ್ನ ಬಲಗಾಲಿನ ಚಪ್ಪಲಿಯನ್ನು ನುಂಗಿತು. ಸವಣೂರಿನಿಂದ ಬಂದ ಚಕ್ಕಡಿಯಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟಿದ್ದೆ, ಅಷ್ಟೆ. ಕಾಲು ಮೇಲೆ ಬಂತು, ಚಪ್ಪಲಿ ಬರಲಿಲ್ಲ. ಕೈ ಹಾಕಿ ಹುಡುಕಿದರೆ ಮೊಣಕೈವರೆಗೆ ಕೆಸರಾಯಿತೇ ಹೊರತು ಚಪ್ಪಲಿ ಸಿಗಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಹೆಂಗಸೊಬ್ಬಳು ನಕ್ಕಳು.

"ಇನ್ನೊಂದನ್ನೂ ಅಲ್ಲೇ ಬಿಡ್ರಿ ಅಕ್ಕಾರ. ಮಳಿಗಾಲದಾಗ ಇಲ್ಲಿ ಯಾರೂ ಕಾಲಾಗ ಹಾಕ್ಕೊಳ್ಳಂಗಿಲ್ಲ."

ಅವಳೇ ನಮ್ಮ ಪಕ್ಕದ ಮನೆಯ ಫಕೀರವ್ವ. ಆ ಗಳಿಗೆಯಿಂದಲೇ ನಮಗಿಬ್ಬರಿಗೂ ಆಗಿಬರಲಿಲ್ಲ.

ಕುಮಟೆಯ ನನ್ನ ಜನರೇ, ಇಲ್ಲಿಯ ಮಣ್ಣನ್ನು ನಿಮಗೆ ಹೇಗೆ ತಿಳಿಸಲಿ? ನಮ್ಮಲ್ಲಿ ಎಷ್ಟೇ ಮಳೆ ಹೊಯ್ಯಲಿ, ಮರಳು ಕುಡಿದುಬಿಡುತ್ತದೆ. ಮಳೆ ನಿಂತ ಕೂಡಲೇ ಅಂಗಳದಲ್ಲಿ ಓಡಾಡಬಹುದು. ಇಲ್ಲಿಯದು ಕಪ್ಪು ಜಿಗುಟು ಮಣ್ಣು, ಇವರ ಬಾಯಲ್ಲಿ ಎರಿ. ನೆಂದರೆ ಕಾಲು ಬಿಡುವುದಿಲ್ಲ. ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇವೆರಡರ ನಡುವೆ ಅದಕ್ಕೆ ನಾಲ್ಕು ದಿನ ಒಳ್ಳೆಯ ಬುದ್ಧಿ ಬರುತ್ತದೆ, ಅದಕ್ಕೆ 'ಹದ' ಎನ್ನುತ್ತಾರೆ. ಆ ಹದ ಬರಲೆಂದು ಇಡೀ ಊರು ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತ ಕೂತಿರುತ್ತದೆ. ಕನ್ನಡ ನಾಡು ಒಂದಾಯಿತೆಂದು ನಾವು ಬರುವ ಹಿಂದಿನ ವರ್ಷವಷ್ಟೇ ಎಲ್ಲರೂ ಸಿಹಿ ಹಂಚಿದ್ದರು. ಮಣ್ಣನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ಟಪಾಲು ಕಚೇರಿಯ ಕೆಲಸದ ಮೇಲೆ ಬಂದ ನನ್ನ ಯಜಮಾನರಿಗೆ ಊರು ಹಿಡಿಸಿಬಿಟ್ಟಿತು. ಹೋದಲ್ಲೆಲ್ಲ "ಬರ್ರಿ ಸಾಹೇಬ್ರ, ಕುಂದರ್ರಿ" ಎನ್ನಿಸಿಕೊಂಡರೆ ಯಾರಿಗೆ ಹಿಡಿಸುವುದಿಲ್ಲ? ಇಲ್ಲೇ ಜಾಗ ಕೊಂಡು ಮನೆ ಕಟ್ಟುವ ಎಂದರು. ನಾನು ಅತ್ತೆ, ಊಟ ಬಿಟ್ಟೆ. ಕೊನೆಗೆ ಅವರು ನಾನು ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಬಸಳೆ ಬಳ್ಳಿಯನ್ನು ತೋರಿಸಿದರು.

"ನೋಡು, ಈ ಬಸಳೆ ಬದುಕಿ ಚಪ್ಪರ ಹತ್ತಿದ್ರೆ ಇಲ್ಲೇ ಇರುವ. ಸತ್ತರೆ ನಾನೇ ಕುಮಟೆಗೆ ವರ್ಗ ಕೇಳ್ತೆ."

ಬಸಳೆ ಸಾಯಲಿ ಎಂದು ಮನಸ್ಸು ಹಾರೈಸಿತು. ಆದರೆ ನನ್ನ ಕೈಯಲ್ಲಿ ಬಸಳೆ ಸತ್ತಿತೆಂಬ ಮಾತನ್ನು ನಾನು ಸಹಿಸಲಾರೆ. ಅರ್ಧ ಬಳ್ಳಿಯನ್ನು ಒಡಕು ಕೊಡದಲ್ಲಿಟ್ಟು, ಉಳಿದರ್ಧವನ್ನು ಬಾಡಿಗೆ ಮನೆಯ ಹಿತ್ತಲಲ್ಲಿ ನಮ್ಮ ಪದ್ಧತಿಯಂತೆ ಗುಂಡಿ ತೋಡಿ ನೆಟ್ಟೆ. ಮಳೆಗೆ ಗುಂಡಿ ಬಾನಿಯಾಯಿತು. ನೀರು ಇಂಗಲಿಲ್ಲ, ಬಳ್ಳಿ ಕೊಳೆತು ನಾರಿತು.

ಈ ದಡ್ಡ ಮಣ್ಣಿಗೆ ನಾನೇ ಬುದ್ಧಿ ಕಲಿಸುತ್ತೇನೆಂದು ಹಳ್ಳದಿಂದ ಒಂದು ಚಕ್ಕಡಿ ಮರಳು ತರಿಸಿ, ಮಡಿಯಲ್ಲಿ ಚೆನ್ನಾಗಿ ಕಲಸಿದೆ. ಬೇಲಿಯಾಚೆಯಿಂದ ಫಕೀರವ್ವ ಬಾಯಿ ಬಿಟ್ಟುಕೊಂಡು ನೋಡಿದಳು.

"ಉಸುಕು ಯಾಕ್ರಿ ಅಕ್ಕಾರ? ಮೀನ ಬಿತ್ತತೀರೇನು?"

ಬೇಸಿಗೆ ಬಂತು. ಮರಳು ಬೆರೆತ ಎರೆ ಒಣಗಿ ಗಚ್ಚಿನ ನೆಲವಾಯಿತು. ಗುದ್ದಲಿ ಹಾಕಿದರೆ ಠಣ್ಣೆಂದಿತು. ಆಗ ಫಕೀರವ್ವ ಸಲಿಕೆ ಬುಟ್ಟಿ ಹಿಡಿದು ಬಂದಳು.

"ನಿಮ್ಮ ಹಿತ್ತಲ ಮಣ್ಣ ಗ್ವಾಡಿ ಮೆತ್ತಾಕ ಭಾಳ ಚಲೋ ಆಗೈತ್ರಿ. ಒಯ್ಯಲೇನು?"

ಗ್ವಾಡಿ ಎಂದರೆ ಗೋಡೆ. ನಾನು ತೋಟವೆಂದು ಮಾಡಿದ್ದನ್ನು ಈ ಹೆಂಗಸು ಗೋಡೆಗೆ ಬಳಿಯುತ್ತಾಳಂತೆ! "ತಕೊಂಡು ಹೋಗು, ನಿನ್ನ ಮನೆಗೆ ಅದೇ ಸರಿ" ಎಂದೆ. ಅವಳು ನೀರು ಹೊಯ್ದು ನೆನೆಸಿ, ಇಡೀ ಮಡಿಯನ್ನು ಬಗೆದು ಒಯ್ದಳು. ಬಿಟ್ಟಿ ಒಯ್ಯಬಾರದೆಂದು ತನ್ನ ತಿಪ್ಪೆಯ ಹಳೆಯ ಗೊಬ್ಬರ, ಬೂದಿ, ಜೋಳದ ಒಣಗರಿಯ ರವದಿ ತಂದು ಅಲ್ಲಿ ದಿಬ್ಬದಂತೆ ಸುರಿದಳು. ಕೊಡದಲ್ಲಿ ಬಾಡಿದ್ದ ಬಳ್ಳಿಯನ್ನು ನಾನು ಅದೇ ದಿಬ್ಬದ ಮೇಲೆ ಎಸೆದು ಒಳಗೆ ಬಂದೆ. ಬಸಳೆಯ ಕಥೆ ಮುಗಿಯಿತೆಂದು ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದೆ.

ಮೊದಲ ಮಳೆಯ ನಂತರ ನೋಡಿದರೆ ದಿಬ್ಬದ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಚಿಗುರು. ಯಜಮಾನರು ಇನ್ನೂ ಕಂಡಿರಲಿಲ್ಲ. ಕಿತ್ತರೆ ಕುಮಟೆ. ಬಗ್ಗಿ ಬುಡ ಹಿಡಿದೆ.

"ಕಿತ್ತ ಒಗೀರಿ ಅಕ್ಕಾರ," ಬೇಲಿಯಾಚೆ ಫಕೀರವ್ವ. "ನಿಮ್ಮೂರ ಕಸ ನಮ್ಮ ಎರಿಯಾಗ ಬದುಕೂದಿಲ್ಲ."

ಕೈ ಬಿಟ್ಟೆ. "ಬದುಕ್ತದೆ. ನೀ ನೋಡ್ತಾ ಇರು" ಎಂದೆ. ಸಂಜೆ ಯಜಮಾನರು ಬರುವಷ್ಟರಲ್ಲಿ ನನ್ನ ಕೈಯಾರೆ ಚಪ್ಪರಕ್ಕೆ ಗಳ ನೆಟ್ಟಿದ್ದೆ. ಒಬ್ಬ ಹೆಂಗಸಿನ ಮುಂದೆ ಸೋಲಬಾರದೆಂಬ ಹಟಕ್ಕೆ ಬಿದ್ದು ನಾನು ನನ್ನೂರನ್ನೇ ಸೋತೆ.

ಈಗ ಅದೇ ಹಿತ್ತಲನ್ನು ಕೊಂಡು, ಬಸಳೆ ಚಪ್ಪರದ ಮಗ್ಗುಲಲ್ಲೇ ನಮ್ಮ ಸ್ವಂತ ಮನೆ ಎದ್ದಿದೆ. ಫಕೀರವ್ವ ವಾರವಾರ ಬಂದು ಮಡಿಲ ತುಂಬ ಬಸಳೆ ಕೊಯ್ಯುತ್ತಾಳೆ, "ಲೋಳಿ ಲೋಳಿ ಐತ್ರಿ, ಇದನ್ನ ಹೆಂಗ ತಿಂತೀರೋ ಏನೋ" ಎಂದು ಬೈಯುತ್ತಾಳೆ. ಅವಳ ನಾಲಿಗೆಗೆ ರುಚಿ ಎಂಬುದೇ ಇಲ್ಲ.

ಕಳೆದ ಬೇಸಿಗೆಯಲ್ಲಿ ತವರಿಗೆ ಬಂದಿದ್ದೆ. ಹೆತ್ತ ಆಯಿಯ ಹಿತ್ತಲಲ್ಲಿ ಬಸಳೆ ಬಳ್ಳಿಯೊಂದನ್ನು ಮುಟ್ಟಿದ್ದೇ ತಡ, ಬೇರುಸಹಿತ ಸಲೀಸಾಗಿ ಕೈಗೆ ಬಂತು. ಬೇರಿನಲ್ಲಿ ಒಂದು ಚಿಟಿಕೆ ಮಣ್ಣೂ ಉಳಿಯಲಿಲ್ಲ. "ಥೂ, ಇದೂ ಒಂದು ಮಣ್ಣೇ? ಏನನ್ನೂ ಹಿಡ್ಕೊಳ್ಳೋದಿಲ್ಲ" ಎಂದುಬಿಟ್ಟೆ.

ಆಯಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ, ನೆಂಟರಿಗೆ ಕೊಡುವ ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದು ನನ್ನ ಮುಂದಿಟ್ಟಳು.