ಮುಸರತ ಹಾಕಿದ ಚಿಲಕ

ಮುಸರತ ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಮೆತ್ತಗೆ ಹೇಳುವ ಅಗತ್ಯವಿಲ್ಲ. ಶಹಾಬಾದಿನ ಅವಳ ಓಣಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಪಕ್ಕದ ಮನೆಯ ನಾಹಿದಳ ನಳಕ್ಕೆ ಮೊದಲು ನೀರು ಬಂದರೆ ಮುಸರತಳಿಗೆ ಅವತ್ತಿನ ಊಟ ರುಚಿಸದು. ಹಬ್ಬದ ದಿನ ಬೇರೆಯವರ ಮಕ್ಕಳ ಹೊಸ ಅಂಗಿಯನ್ನು ಎರಡು ಬೆರಳಲ್ಲಿ ತಿಕ್ಕಿ, ಬಟ್ಟೆ ಎಂಥದೆಂದು ನೋಡಿಕೊಳ್ಳದೆ ಅವಳು ಯಾರಿಗೂ ಮುಬಾರಕ್ ಹೇಳಿದವಳಲ್ಲ. ಮದುವೆಯೊಂದರ ಬಿರಿಯಾನಿಯನ್ನು ನಾಲ್ಕು ಜನ ಹೊಗಳಿದರೆ, ಅವರು ಹೊಗಳಿ ಮುಗಿಸುವವರೆಗೆ ತಾಳಿಕೊಂಡು, ಉಪ್ಪು ಒಂದಿಷ್ಟು ಮುಂದಾಗಿತ್ತು ಎನ್ನುವಳು. ಗಂಡ ಮೌಲಾಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಕೊಡುವ ಮಷೀನು ನಡೆಸುತ್ತಾನೆ. ಹುಬ್ಬಿನ ಮೇಲೆ ಬಿಳಿ ಧೂಳು ಹೊತ್ತು ಮನೆಗೆ ಬಂದವನು, ನನ್ನ ಮಷೀನಾದರೂ ಸಂಜೆಗೆ ನಿಲ್ಲುತ್ತದೆ, ನಿನ್ನದು ನಿಲ್ಲುವುದೇ ಇಲ್ಲ ಎಂದು ನಗುತ್ತಿದ್ದ.

ಇವೆಲ್ಲ ಚಿಲ್ಲರೆ ಕಿಚ್ಚು. ಇಡಿಗಂಟನ್ನು ಅವಳು ಕಾಯ್ದಿಟ್ಟಿದ್ದು ಜಬೀನಾಳಿಗಾಗಿ.

ಜಬೀನಾ ವಾಡಿಯಿಂದ ಬಂದ ಕಿರಿಯ ಸೊಸೆ, ಮೈದುನನ ಹೆಂಡತಿ. ನಗುಮುಖದವಳು, ನಗುಮುಖವೇ ಮುಸರತಳಿಗೆ ಸಾಕಷ್ಟು ದೊಡ್ಡ ತಪ್ಪಾಗಿತ್ತು. ಅದರ ಮೇಲೆ ಅವಳು ತಾಹಿರನನ್ನು ಹೆತ್ತಳು. ಕೂಸಿಗೆ ಮೊದಲ ಸ್ನಾನ ಮಾಡಿಸುವಾಗ ಅತ್ತೆ ಚಾಂದಬೀ ಅದನ್ನು ಬೆಳಕಿಗೆ ಹಿಡಿದು ನೋಡಿ, ಕೈ ಎತ್ತಿ ದುವಾ ಮಾಡಿದಳು. ಕೂಸಿನ ಶಿಶ್ನದ ಮುಂದೊಗಲು ಕೆಳಬದಿಯಲ್ಲಿ ಇರಲೇ ಇಲ್ಲ. ಮೇಲೆ ಮಾತ್ರ ಕುಲಾಯಿಯ ಹಾಗೆ ಒಂದಿಷ್ಟು ಜೋತುಬಿದ್ದಿತ್ತು. ಗಂಡುಮಕ್ಕಳಿಗೆ ಖತ್ನಾ ಮಾಡಿ ಆ ತೊಗಲು ತೆಗೆಸುವವರ ಮನೆಯಲ್ಲಿ ಇಂಥ ಕೂಸು ಹುಟ್ಟಿದರೆ ಹಿರಿಯರು ಅದಕ್ಕೆ ಪೈಗಂಬರಿ ಖತ್ನಾ ಎನ್ನುತ್ತಾರೆ, ದೇವದೂತರೇ ಮಾಡಿ ಕಳಿಸಿದ್ದೆಂದು.

"ಫರಿಶ್ತೇರೇ ಮಾಡಿ ಕಳಿಸ್ಯಾರ" ಎಂದಳು ಚಾಂದಬೀ. "ನಮ್ಮ ಮನಿತನದಾಗ ಇಂಥಾ ಕೂಸು ಹುಟ್ಟಿದ್ದಿಲ್ಲ."

ಓಣಿಯ ಹೆಂಗಸರು ನೋಡಲು ಬಂದರು. ಮಿಠಾಯಿ ಹಂಚಿದರು. ಕೂಸಿನ ಹಣೆ ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡವರೂ ಇದ್ದರು. ಮುಸರತ ಕೂಸನ್ನು ಎತ್ತಿಕೊಳ್ಳುವ ನೆಪದಲ್ಲಿ ಲಂಗೋಟಿ ಸರಿಸಿ ನೋಡಿದಳು. ಮೂತ್ರದ ತೂತು ತುದಿಯಲ್ಲಿರಲಿಲ್ಲ, ಕೆಳಗಿತ್ತು. ಅವಳ ಎದೆ ಉರಿಯತೊಡಗಿತು. ಯಾಕೆಂದರೆ ಅವಳ ಸ್ವಂತ ಮಗ ನಯೀಮ ಹುಟ್ಟಿದ್ದೂ ಹೀಗೆಯೇ.

ನಯೀಮ ಹುಟ್ಟಿದ್ದು ಅವಳ ತವರು ತೆಂಗಳಿಯಲ್ಲಿ. ಅವಳ ತಾಯಿ ಕೂಸನ್ನು ನೋಡಿ, ಇದನ್ನು ಯಾರಿಗೂ ತೋರಿಸಬೇಡ, ನಾಳೆ ಹೆಣ್ಣು ಕೊಡುವುದಿಲ್ಲ ಎಂದಿದ್ದಳು. ತೋರಿಸಲಿಲ್ಲ. ಅಲ್ಲಿಯೇ, ಊರೂರು ಸುತ್ತಿ ಖತ್ನಾ ಮಾಡುವ ಹಜಾಮ ದಸ್ತಗೀರನನ್ನು ಕರೆಸಿ, ಕುಲಾಯಿಯಂತಿದ್ದ ತೊಗಲನ್ನು ಕೊಯ್ಯಿಸಿದರು. ಕೊಯ್ದ ಮೇಲೆ ತಾನೇ ಸರಿಹೋಗುತ್ತದೆ ಎಂದು ದಸ್ತಗೀರ ಹೇಳಿದ. ಸರಿಹೋಗಲಿಲ್ಲ. ಮೂತ್ರ ಮುಂದಕ್ಕೆ ಹಾರುವ ಬದಲು ಕೆಳಕ್ಕೆ, ಹಿಮ್ಮಡಿಯ ಮೇಲೆ ಬೀಳುತ್ತಿತ್ತು. ಆ ಮನೆಯಲ್ಲಿ ಗಂಡುಮಕ್ಕಳು ಕುಳಿತೇ ಮೂತ್ರ ಮಾಡುವ ರೂಢಿಯಾದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಕಡೆಗೆ ಶಾಲೆಗೆ ಮಕ್ಕಳನ್ನು ತಪಾಸಣೆ ಮಾಡಲು ಬಂದ ಡಾಕ್ಟರೊಬ್ಬರು ಕಂಡುಹಿಡಿದು ಕಲಬುರಗಿಗೆ ಕಳಿಸಿದರು.

ಅಲ್ಲಿ ಮೊದಲ ಆಪರೇಷನ್ ಕೂಡಲಿಲ್ಲ. ಹೊಲಿದ ಜಾಗ ಬಿಟ್ಟುಕೊಂಡು, ಮೂತ್ರ ಎರಡು ಕಡೆ ಸೋರತೊಡಗಿತು. ಆಮೇಲೆ ಸಿಕ್ಕವರು ಡಾಕ್ಟರ್ ಭಾಗ್ಯಜ್ಯೋತಿ. ಮಕ್ಕಳ ಮೂತ್ರದ ಕಾಯಿಲೆಗಳ ಶಸ್ತ್ರಚಿಕಿತ್ಸೆಯನ್ನೇ ಓದಿ ಬಂದವರು, ಮಾತು ಕಡಿಮೆ. ಅವರು ಮುಸರತಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದು ಇಷ್ಟು: "ಕೊಯ್ಯದೆ ಬಿಟ್ಟಿದ್ರ ಆ ತೊಗಲಿಂದನೇ ಮೂತ್ರದ ನಳಿಗಿ ಮಾಡಬಹುದಿತ್ತು. ಅದಕ್ಕಂತಲೇ ಇಟ್ಟಂಗ ಇರ್ತದ ಅದು. ಈಗ ಬಾಯಿ ಒಳಗಿಂದ ತಗದು ಹಚ್ಚಬೇಕಾಗ್ತದ."

ಹಾಗೆ ನಯೀಮನ ಕೆಳದುಟಿಯ ಒಳಗಿನ ತೊಗಲು ತೆಗೆದು ಕೆಳಗೆ ಹಚ್ಚಿದರು. ಅದು ಹತ್ತಿಕೊಂಡಿತು. ಅದನ್ನು ಸುತ್ತಿ ನಳಿಗೆ ಮಾಡುವ ಆಪರೇಷನ್ ಇನ್ನೂ ಬಾಕಿ ಇತ್ತು. ಮನೆಯಲ್ಲಿ ಮಾತ್ರ ಮುಸರತ ಮತ್ತು ಮೌಲಾಲಿ ಬೇರೆಯೇ ಹೇಳಿದ್ದರು: ಹುಡುಗನಿಗೆ ಮೂತ್ರದಲ್ಲಿ ಕಲ್ಲಾಗಿದೆ. ತುಟಿ ಬಾತದ್ದಕ್ಕೆ ಹಲ್ಲಿನ ಕಾರಣ ಕೊಟ್ಟರು. ಫರಸಿಯ ಊರಿನಲ್ಲಿ ಕಲ್ಲಿನ ಮಾತನ್ನು ನಂಬದಿರಲು ಯಾರಿಗೂ ಕಾರಣವಿರಲಿಲ್ಲ. ಅಪ್ಪ ಹೊರಗೆ ಕಲ್ಲು ತಿಕ್ಕಿದರೆ ಮಗ ಒಳಗೇ ಮಾಡಿಕೊಂಡ ಎಂದು ಚಾಂದಬೀ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಮುಸರತಳ ಸಂಕಟ ಇಲ್ಲಿತ್ತು. ತನ್ನ ಮಗನದೂ ಅದೇ, ಜಬೀನಾಳ ಮಗನದೂ ಅದೇ. ಒಬ್ಬನಿಗೆ ಕಲ್ಲಿನ ಹುಡುಗ ಎಂಬ ಹೆಸರು, ಇನ್ನೊಬ್ಬನಿಗೆ ಮಿಠಾಯಿ, ದುವಾ. ತಾನು ಬಚ್ಚಿಡದೆ ಅತ್ತೆಗೆ ತೋರಿಸಿದ್ದರೆ ಆ ಪಟ್ಟ ಮೊದಲು ನಯೀಮನಿಗೇ ಸಿಗುತ್ತಿತ್ತು. ಅದು ಪಟ್ಟವಲ್ಲ, ರೋಗ ಎಂದು ಆ ಮನೆಯಲ್ಲಿ ಬೇರೆ ಎಲ್ಲರಿಗಿಂತ ಚೆನ್ನಾಗಿ ತಿಳಿದವಳು ಅವಳು. ಆದರೂ ಪಟ್ಟ ತಪ್ಪಿತೆಂದು ಹೊಟ್ಟೆ ಉರಿಯಿತು. ಹೊಟ್ಟೆಕಿಚ್ಚಿಗೆ ತಿಳಿವಳಿಕೆ ಮದ್ದಲ್ಲ.

ಭಾಗ್ಯಜ್ಯೋತಿ ಆ ಭಾಗದ ಮನೆತನಗಳಲ್ಲಿ ಈ ದೋಷ ಹೇಗೆ ಬರುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದರು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯಿಂದ ಮಕ್ಕಳನ್ನು ತಂದವರೆಲ್ಲರಿಗೂ ಅದೊಂದು ಪ್ರಶ್ನೆ ಹಾಕುತ್ತಿದ್ದರು. ಮುಸರತಳಿಗೂ ಹಾಕಿದರು: ಮನೆಯಲ್ಲಿ ಬೇರೆ ಗಂಡುಮಕ್ಕಳಿಗೆ ಹೀಗಿದೆಯೇ?

"ಯಾರಿಗೂ ಇಲ್ರಿ" ಎಂದಳು ಮುಸರತ.

ತಾಹಿರ ಮಾತು ಕಲಿತು ಓಡಾಡುವ ಹೊತ್ತಿಗೆ ಚಾಂದಬೀಗೆ ಆಸೆ ಹುಟ್ಟಿತು. ಖತ್ನಾ ಫರಿಶ್ತೆಗಳೇ ಮಾಡಿದ್ದರೂ ಮನೆಯಲ್ಲಿ ಶಾಸ್ತ್ರ ಆಗಬೇಡವೇ? ಮೊಮ್ಮಗನಿಗೆ ಹಾರ ಹಾಕಿ, ನಾಲ್ಕು ಜನಕ್ಕೆ ಊಟ ಹಾಕಿ, ಮೇಲೆ ಜೋತುಬಿದ್ದ ತೊಗಲನ್ನು ಹೆಸರಿಗೆ ಒಂದಿಷ್ಟು ತೆಗೆಸಿದರಾಯಿತು. ದಸ್ತಗೀರನಿಗೆ ಹೇಳಿ ಕಳಿಸಿದರು. ಶುಕ್ರವಾರ ಜುಮ್ಮಾ ನಮಾಜಿನ ನಂತರ ಎಂದು ನಿಗದಿಯಾಯಿತು.

ಆ ‘ಹೆಸರಿಗೆ ಒಂದಿಷ್ಟು’ ಎಂಬುದು ಏನೆಂದು ಮುಸರತಳಿಗೆ ಗೊತ್ತಿತ್ತು; ಮೌಲಾಲಿ ತಾಹಿರನ ಲಂಗೋಟಿ ಸರಿಸಿ ನೋಡಿದವನಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಖೀರಿಗೆ ಶಾವಿಗೆ ಹುರಿಯುತ್ತ ಅವಳು ಕಣ್ಣ ಮುಂದೆ ಕಲಬುರಗಿಯ ಆಸ್ಪತ್ರೆಯ ಬೆಂಚನ್ನು ತಂದುಕೊಂಡಳು. ಅದರ ಮೇಲೆ ಜಬೀನಾಳನ್ನು ಕೂರಿಸಿದಳು. ಮೂತ್ರದ ಚೀಲ ಹಿಡಿದುಕೊಂಡು, ನಗುಮುಖವಿಲ್ಲದೆ ಕುಳಿತ ಜಬೀನಾ. ಆ ಚಿತ್ರ ಅವಳಿಗೆ ಹಿತವಾಗಿತ್ತು. ಅವತ್ತು ಅವಳ ಕೈಯ ಖೀರು ಎಂದಿಗಿಂತ ರುಚಿಯಾಗಿತ್ತೆಂದು ಉಂಡವರು ಹೇಳುತ್ತಾರೆ.

ದಸ್ತಗೀರ ನಮಾಜು ಮುಗಿಸಿಕೊಂಡು ಬಂದ. ನಾಲವಾರದಲ್ಲಿ ಇನ್ನೊಂದು ಮನೆಯವರು ಕಾಯುತ್ತಿದ್ದಾರೆ, ಪ್ಯಾಸೆಂಜರ್ ಗಾಡಿ ತಪ್ಪಿಸಿಕೊಳ್ಳುವಂತಿಲ್ಲ ಎಂದು ಹೊಸ್ತಿಲಲ್ಲೇ ಹೇಳಿದ. ಕೂಸಿಗೆ ಸ್ನಾನ ಮಾಡಿಸಿ ಹೊಸ ಅಂಗಿ ತೊಡಿಸುವುದು ದೊಡ್ಡಮ್ಮನ ಕೆಲಸ. ಮುಸರತ ತಾಹಿರನನ್ನು ಎತ್ತಿಕೊಂಡು ಬಚ್ಚಲಮನೆಗೆ ಹೋದಳು.

ಬಿಸಿನೀರು ಮೈಮೇಲೆ ಬಿದ್ದೊಡನೆ ಹುಡುಗ ಕುಕ್ಕರಗಾಲಲ್ಲಿ ಕುಳಿತು ಮೂತ್ರ ಮಾಡಿದ. ಅದು ಮುಂದಕ್ಕೆ ಹೋಗಲಿಲ್ಲ. ಕೆಳಗೆ ಬಿದ್ದು, ಅವನ ಹಿಮ್ಮಡಿ ತೋಯಿಸಿ, ಮುಸರತಳ ಪಾದದ ಕಡೆ ಹರಿಯಿತು. ಹುಡುಗ ತಾನೇ ಪಾದ ಎತ್ತಿ ಹಿಮ್ಮಡಿಯನ್ನು ನೀರಿನ ಕಡೆ ಒಡ್ಡಿದ. ಯಾರೂ ಹೇಳಿಕೊಟ್ಟದ್ದಲ್ಲ. ನಯೀಮನೂ ಹೀಗೆಯೇ ಒಡ್ಡುತ್ತಿದ್ದ, ಈಗಲೂ ಒಡ್ಡುತ್ತಾನೆ.

ಮುಸರತ ಒಂದು ತಂಬಿಗೆ ನೀರು ಹಾಕಿದಳು. ಆಮೇಲೆ ಎದ್ದು ಬಾಗಿಲ ಚಿಲಕ ಹಾಕಿದಳು.

ಹೊರಗೆ ಮೊದಲು ಜಬೀನಾ ಕರೆದಳು, ಆಮೇಲೆ ಚಾಂದಬೀ ಬಾಗಿಲು ಬಡಿದಳು. ಮುಸರತ ಹುಡುಗನ ಬೆನ್ನು ತಿಕ್ಕಿದಳು, ತಲೆ ತಿಕ್ಕಿದಳು, ತಿಕ್ಕಿದ ತಲೆಯನ್ನೇ ಮತ್ತೆ ತಿಕ್ಕಿದಳು. ನೀರು ತಣ್ಣಗಾದ ಮೇಲೆ ಅವನನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಹೊರಗೆ ಮೌಲಾಲಿ ನಗುತ್ತ, ಹುಡುಗ ಕರಗಿಹೋದಾನು ಎಂದ. ದಸ್ತಗೀರ ಒಂದು ಚಹಾ ಕುಡಿದ, ಇನ್ನೊಂದು ಕುಡಿದ. ಕಡೆಗೆ ಗಾಡಿಯ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿದ. ಮುಂದಿನ ಜುಮ್ಮಾಕ್ಕೆ ಬರುವುದಾಗಿ ಹೇಳಿ ಸ್ಟೇಷನ್ನಿನ ದಾರಿ ಹಿಡಿದ.

ಆಮೇಲೆ ಚಿಲಕ ಸರಿಯಿತು. ಚಾಂದಬೀ ಅಂದದ್ದನ್ನೆಲ್ಲ ಇಲ್ಲಿ ಬರೆಯುವುದು ಬೇಡ. ಆ ಮನೆ ಕಾಣದ ಹೊಟ್ಟೆಕಿಚ್ಚು, ಓಣಿ ಕಾಣದ ಹೊಟ್ಟೆಕಿಚ್ಚು ಎಂಬುದು ಅದರ ಸಾರ. ನಾಹಿದ ಗೋಡೆಯಾಚೆಯಿಂದಲೇ ಹೌದೆಂದಳು. ಮುಸರತ ಹುಡುಗನನ್ನು ಕರೆದುಕೊಂಡು ಒಳಕೋಣೆಗೆ ಹೋದಳು. ಜಬೀನಾ ಹಿಂದೆಯೇ ಹೋದಳು. ಅವಳ ದನಿ ಎತ್ತರವಿರಲಿಲ್ಲ.

"ಭಾಬಿ, ನನ್ನ ಮಗಂದು ಒಂದಿನದ ಖುಷಿನೂ ನಿಮಗ ನೋಡ್ಲಿಕ್ಕಾಗಲಿಲ್ಲಲ್ಲ."

"ಆಗಲಿಲ್ಲ" ಎಂದಳು ಮುಸರತ. ಅದು ಸುಳ್ಳಲ್ಲ.

ತಾಹಿರನಿಗೆ ಹೊಸ ಅಂಗಿ ತೊಡಿಸಿ, ಗುಂಡಿ ಹಾಕಿ, ಅಂಚನ್ನು ಅಭ್ಯಾಸದಂತೆ ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. ಆಮೇಲೆ ನಯೀಮನನ್ನು ಕೂಗಿದಳು. ಬಂದವನಿಗೆ ಬಾಗಿಲು ಮುಂದೆ ಮಾಡಲು ಹೇಳಿ, ಅವನ ಕಿವಿಯಲ್ಲಿ ಏನೋ ಕೇಳಿದಳು. ಹುಡುಗ ಚಿಕ್ಕಮ್ಮನ ಮುಖ ನೋಡಿದ, ತಾಹಿರನನ್ನು ನೋಡಿದ, ಕಡೆಗೆ ಹೂಂ ಎಂಬಂತೆ ತಲೆಯಾಡಿಸಿದ.

ಮುಸರತ ಹೆಬ್ಬೆರಳಿನಿಂದ ಅವನ ಕೆಳದುಟಿಯನ್ನು ಹೊರಕ್ಕೆ ಮಡಚಿದಳು. ಒಳಗೆ ಕಲೆ ಬಿಳಿಚಿಕೊಂಡಿತ್ತು.

"ಇದು ಹಲ್ಲಿಂದಲ್ಲ, ಜಬೀನಾ. ಇಂವಾ ಹುಟ್ಟಿದ್ದೂ ತಾಹಿರನಂಗೇ. ಆ ತೊಗಲು ದಸ್ತಗೀರ ಕೊಯ್ದು ಒಗದ. ಅದಕ್ಕ ಇಲ್ಲಿಂದ ತಗದು ಕೆಳಗ ಹಚ್ಯಾರ. ನಿನ್ನ ಮಗಂದು ಇನ್ನಾ ಮೈಮ್ಯಾಲೇ ಅದ. ಕಲಬುರಗಿ ಡಾಕ್ಟರ್ ಬಾಯಾರು ಅದರಾಗೇ ಸರಿ ಮಾಡ್ತಾರ. ಒಂದೇ ಸಲಕ್ಕ ಆದರೂ ಆದೀತು."

ಒಂದೇ ಸಲಕ್ಕ ಎನ್ನುವಾಗ ಅವಳ ದನಿಯಲ್ಲಿ ಹಳೆಯ ಉರಿ ಹಾಗೆಯೇ ಇತ್ತು.

ಜಬೀನಾ ಬಗ್ಗಿ ನೋಡಿದಳು. ಕಣ್ಣು ತುಂಬಿಕೊಂಡಿದ್ದರಿಂದಲೋ ಏನೋ, ಅವಳಿಗೆ ಕಲೆ ಕಾಣಿಸಲಿಲ್ಲ. ಮುಸರತ ಮಗನ ಗದ್ದ ಹಿಡಿದು, ಮುಖವನ್ನು ಕಿಟಕಿಯ ಬೆಳಕಿನ ಕಡೆ ತಿರುಗಿಸಿದಳು.