ಇನ್ನೂರು ಎಣಿಸುವವರೆಗೆ ಮಾತಿಲ್ಲ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಅಕ್ಕ ಬಿಸಿನೀರಿನ ತೊಟ್ಟಿಯ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಶಾಖ ಎಪ್ಪತ್ತೆರಡು ಡಿಗ್ರಿ ಇರಬೇಕು. ತೊಟ್ಟಿಯ ಮೇಲೆ ಅಂಕಿ ಸರಿಯಾಗಿಯೇ ಮಿನುಗುತ್ತಿದೆ. ಅಕ್ಕ ಮಾತ್ರ ಗಾಜಿನ ಥರ್ಮಾಮೀಟರ್ ಇಳಿಬಿಟ್ಟು, ಕನ್ನಡಕ ಹಣೆಗೇರಿಸಿ, ಇನ್ನೊಮ್ಮೆ ನೋಡುತ್ತಾರೆ. "ಈ ಡಬ್ಬಕ್ಕೆ ಸುಳ್ಳು ಹೇಳೋ ಚಾಳಿ ಇದೆ," ಎನ್ನುತ್ತಾರೆ. ಆಮೇಲೆ ಬಣ್ಣ ಹಾಕಿದ ಮಾಂಸದ ಚೂರಿರುವ ಒಂದೇ ಒಂದು ಗಾಜಿನ ಸ್ಲೈಡನ್ನು ಮೆಲ್ಲಗೆ ಇಳಿಸುತ್ತಾರೆ. ಎರಡು ನಿಮಿಷ ಕಳೆದೊಡನೆ ಅದನ್ನು ಎತ್ತಬೇಕು, ಹೆಚ್ಚಾದರೆ ಬಣ್ಣವೆಲ್ಲ ತೊಳೆದುಹೋಗುತ್ತದೆ.

ಆ ಸ್ಲೈಡ್ ಏಳು ವರ್ಷದ ಹುಡುಗಿಯೊಬ್ಬಳದು. ಹೊಟ್ಟೆಯೊಳಗಿನ ಗಡ್ಡೆ ಒಂದೇ ವಾರದಲ್ಲಿ ಎರಡು ಪಟ್ಟಾಗಿದೆ. ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಎಂಬುದು ಗೊತ್ತಾಗಿದೆ; ಯಾವ ಬಗೆಯದೆಂಬುದು ಖಚಿತವಾಗಬೇಕು. ಬಗೆ ಬೇರೆಯಾದರೆ ಮದ್ದೂ ಬೇರೆ. ಸೂಜಿಯಿಂದ ತೆಗೆದ ಅಕ್ಕಿಕಾಳಿನಷ್ಟು ಮಾಂಸ ಬೇರೆ ಪರೀಕ್ಷೆಗಳಿಗೇ ಮುಗಿದುಹೋಗಿ, ಉಳಿದದ್ದು ಇದೊಂದು. ಇದು ಕೆಟ್ಟರೆ ಮಗುವಿಗೆ ಮತ್ತೆ ಅರಿವಳಿಕೆ, ಮತ್ತೆ ಸೂಜಿ, ಮತ್ತೆ ನಾಲ್ಕು ದಿನ. ಆ ಗಡ್ಡೆ ನಾಲ್ಕು ದಿನ ಸುಮ್ಮನೆ ಕೂರುವಂಥದ್ದಲ್ಲ. ಮಧ್ಯಾಹ್ನದೊಳಗೆ ಉತ್ತರ ಬೇಕೆಂದು ಡಾಕ್ಟರು ಹೇಳಿ ಹೋಗಿದ್ದಾರೆ.

ಅಕ್ಕ ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ಇದೇ ಲ್ಯಾಬಿಗೆ ಗಾಜು ತೊಳೆಯಲು ಬಂದವರು, ಸಂಜೆ ತರಗತಿಯಲ್ಲಿ ಓದಿ ಟೆಕ್ನಿಷಿಯನ್ ಆದವರು. ಈಗ ಇಡೀ ಆಸ್ಪತ್ರೆಗೆ 'ಎಣಿಕೆ ಅಕ್ಕ'. ಇಪ್ಪತ್ತೆರಡು ವರ್ಷದಿಂದ ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ, ಜೀವಕೋಶಗಳೊಳಗೆ ಹೊಳೆಯುವ ಚುಕ್ಕಿಗಳನ್ನು ಎಣಿಸುತ್ತಿದ್ದಾರೆ.

ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಏನಿದು ಚುಕ್ಕಿ ಎಂದು ಕೇಳಿದ್ದೇ ತಡ, ಅಕ್ಕ ಮೇಷ್ಟ್ರಾಗುತ್ತಾರೆ. "ಜೀವಕೋಶಕ್ಕೆ ಬೆಳಿ ಅಂತ ಹೇಳೋ ಜೀನ್ ಒಂದಿದೆ. ಅದರ ಒಂದು ಪಕ್ಕಕ್ಕೆ ಕೆಂಪು, ಇನ್ನೊಂದು ಪಕ್ಕಕ್ಕೆ ಹಸಿರು ಬಣ್ಣ ಅಂಟಿಸ್ತೀವಿ. ಜೀನ್ ನೆಟ್ಟಗಿದ್ರೆ ಎರಡೂ ಒಟ್ಟಿಗಿರ್ತವೆ. ಮುರಿದು ಬೇರೆ ಕಡೆ ಹೋಗಿ ಸೇರ್ಕೊಂಡಿದ್ರೆ ಕೆಂಪು ಒಂದು ದಿಕ್ಕು, ಹಸಿರು ಒಂದು ದಿಕ್ಕು. ಆಮೇಲೆ ಅದಕ್ಕೆ ಹೇಳೋರು ಕೇಳೋರು ಇಲ್ಲ, ಬೆಳಿ ಬೆಳಿ ಅಂತ ಕೂಗ್ತಾನೇ ಇರುತ್ತೆ." ಈ ಹುಡುಗಿಗೆ ಇದೆಯೆಂದು ಡಾಕ್ಟರು ಶಂಕಿಸಿರುವ ಬಗೆಯಲ್ಲಿ ಮುರಿಯುವುದು ಇದೇ ಜೀನ್. ದೊಡ್ಡವರಲ್ಲಿ ಕೆಲವೊಮ್ಮೆ, ಜೀವಕೋಶವನ್ನು ಸಾಯದಂತೆ ಕಾಯುವ ಇನ್ನೊಂದು ಜೀನೂ ಜೊತೆಯಲ್ಲೇ ಮುರಿದಿರುತ್ತದೆ. ಆ ಕಾಯಿಲೆ ಮಹಾ ಹಟಮಾರಿ.

ಸ್ಲೈಡಿಗೆ ಇನ್ನೂರು ಕೋಶ, ದಿನಕ್ಕೆ ಎಂಟು-ಹತ್ತು ಸ್ಲೈಡ್. ಕತ್ತು ಹಿಡಿದುಕೊಳ್ಳುತ್ತದೆ, ಕಣ್ಣು ಉರಿಯುತ್ತದೆ. "ಬಟ್ಟೆ ಅಂಗಡೀಲಿ ಚುಕ್ಕಿ ಬಟ್ಟೆ ತೋರಿಸಿದ್ರೆ ಎದ್ದು ಬಂದ್ಬಿಡ್ತೀನಿ," ಎಂದು ನಗುತ್ತಾರೆ ಅಕ್ಕ.

ಪ್ರತಿ ಸ್ಲೈಡನ್ನೂ ಇಬ್ಬರು ಎಣಿಸಬೇಕು. ಎರಡನೆಯವರು ಅಕ್ಕನ ನಾದಿನಿ. ಇಬ್ಬರದೂ ಒಂದೇ ಮನೆ, ಒಂದೇ ಬಸ್ಸು. ದಾರಿಯುದ್ದಕ್ಕೂ ಬಾಯಿ ಬಿಡುವಿಲ್ಲದ ಹರಟೆ. ಸ್ಲೈಡ್ ಕೈಗೆ ಬಂತೆಂದರೆ, ಇಬ್ಬರೂ ಎಣಿಸಿ ಬರೆದಿಡುವವರೆಗೆ ಮಾತು ಬಂದ್. ಒಬ್ಬರ ನಿಟ್ಟುಸಿರು ಕೂಡ ಇನ್ನೊಬ್ಬರಿಗೆ ಸುಳಿವು ಕೊಟ್ಟೀತೆಂದು, ಒಬ್ಬರು ಎಣಿಸುವಾಗ ಇನ್ನೊಬ್ಬರು ಕಾರಿಡಾರಿನ ಬೆಂಚಿನಲ್ಲಿ ಕೂರುತ್ತಾರೆ. "ಅತ್ತಿಗೆ-ನಾದಿನಿ ಜಗಳ ಅಂತ ಹೊಸಬರು ರಾಜಿ ಮಾಡಿಸೋಕೆ ಬರ್ತಾರೆ," ಎನ್ನುತ್ತಾರೆ ಬೆಂಚಿನಲ್ಲಿರುವ ನಾದಿನಿ.

ಈ ಮೌನದ ಹಿಂದಿನ ತಪ್ಪನ್ನು ಅಕ್ಕ ಮುಚ್ಚಿಡುವುದಿಲ್ಲ. ಮಾಂಸವನ್ನು ಕೂದಲಿಗಿಂತ ತೆಳ್ಳಗೆ ಕೊಯ್ಯುವಾಗ ಕೆಲವು ಕೋಶಗಳು ಅರ್ಧಕ್ಕೆ ತುಂಡಾಗಿ, ಚುಕ್ಕಿ ಒಂಟಿಯಾಗಿ ಕಾಣುತ್ತದೆ. ಅಂಥವನ್ನು ಎಣಿಸಬಾರದು. ಹನ್ನೆರಡು ವರ್ಷದ ಹಿಂದೆ, ವಯಸ್ಸಾದ ಒಬ್ಬರ ಸ್ಲೈಡಿನಲ್ಲಿ ಅಕ್ಕ ಅವಸರದಿಂದ ಅವನ್ನೂ ಲೆಕ್ಕಕ್ಕೆ ಹಿಡಿದು, ಎರಡನೇ ಜೀನೂ ಮುರಿದಿದೆ ಎಂದು ಜೋರಾಗಿ ಹೇಳಿಬಿಟ್ಟರು. ಆಗಿನ್ನೂ ಹೊಸಬರಾಗಿದ್ದ ನಾದಿನಿ ಒಪ್ಪಲಿಲ್ಲ. "ಅತ್ತಿಗೆ, ನೀವು ಹಿರಿಯರು, ಸರಿ. ಆದ್ರೆ ಇದು ನಮ್ಮ ಬ್ಲೇಡ್ ತುಂಡು ಮಾಡಿರೋದು." ಮತ್ತೆ ಎಣಿಸಿದರೆ ನಾದಿನಿಯ ಲೆಕ್ಕವೇ ಸರಿ. ಇಲ್ಲದಿದ್ದರೆ ಆ ಹಿರಿಯರ ಮೈಗೆ ತಡೆಯಲಾರದ ಮದ್ದು ಹೋಗುತ್ತಿತ್ತು. "ಅವತ್ತು ಅವಳು ನನ್ನ ಮುಖ ನೋಡ್ಕೊಂಡು ಹೂಂ ಅಂದಿದ್ರೆ?" ಎಂದು ಕೇಳುತ್ತಾರೆ ಅಕ್ಕ. "ಅವತ್ತಿಂದ ಬಾಯಿಗೆ ಬೀಗ."

ಒಂಬತ್ತು ಗಂಟೆ. ಅಕ್ಕ ಎಣಿಕೆಗೆ ಕೂರುತ್ತಾರೆ. ನೆಟ್ಟಗಿದ್ದರೆ ಎಡಗೈ ಗುಂಡಿ, ಮುರಿದಿದ್ದರೆ ಬಲಗೈ ಗುಂಡಿ. ಮೂಲೆಯಲ್ಲಿ ಕುಳಿತ ನನಗೆ ಕೇಳಿಸುವುದು ಹೆಚ್ಚಾಗಿ ಬಲಗೈಯ ಟಕಟಕ. ಅಕ್ಕನ ಮುಖದಲ್ಲಿ ಏನೂ ಇಲ್ಲ. ಎಣಿಸಿ ಮುಗಿಸಿ, ಚೀಟಿ ಬರೆದು, ಮಡಚಿಟ್ಟು ಹೊರಗೆ ನಡೆಯುತ್ತಾರೆ. ನಾದಿನಿ ಒಳಗೆ ಬರುತ್ತಾರೆ.

ಹನ್ನೊಂದಕ್ಕೆ ಎರಡೂ ಚೀಟಿ ಬಿಚ್ಚುತ್ತಾರೆ. ಇನ್ನೂರರಲ್ಲಿ ಮುರಿದದ್ದು ಅಕ್ಕನ ಲೆಕ್ಕದಲ್ಲಿ ನೂರ ಎಪ್ಪತ್ತೆಂಟು, ನಾದಿನಿಯ ಲೆಕ್ಕದಲ್ಲಿ ನೂರ ಎಂಬತ್ತೊಂದು. ಮೂರರ ಅಂತರದಿಂದ ಉತ್ತರ ಬದಲಾಗುವುದಿಲ್ಲ.

"ಕೆಟ್ಟ ಸುದ್ದಿ ಅಲ್ವಾ ಅಕ್ಕ?" ನನ್ನ ದನಿ ಕುಗ್ಗಿದೆ.

"ಯಾರ್ರೀ ಹೇಳಿದ್ದು?" ಅಕ್ಕ ರೇಗುತ್ತಾರೆ. "ಕೆಟ್ಟದ್ದು ಗಡ್ಡೆ. ಅದು ಯಾವುದು ಅಂತ ಗೊತ್ತಾಗಿದ್ದು ಒಳ್ಳೇದೇ. ಈ ಬಗೆ ಓಡೋದೂ ಜೋರು, ಮದ್ದಿಗೆ ಬಗ್ಗೋದೂ ಜೋರು. ಬೇಗ ಶುರು ಮಾಡಿದ್ರೆ ಹೆಚ್ಚಿನ ಮಕ್ಕಳು ಗೆದ್ದು ಬರ್ತಾರೆ."

ಅಷ್ಟರಲ್ಲಿ ಡಾಕ್ಟರೇ ಮೆಟ್ಟಿಲಿಳಿದು ಬಂದು ಸ್ಲೈಡ್ ನೋಡುತ್ತಾರೆ. ಉಳಿದ ಪರೀಕ್ಷೆಗಳೂ ಇದೇ ಕಡೆ ಬೆರಳು ತೋರಿಸಿದ್ದವಂತೆ. "ಇವತ್ತೇ ಶುರು ಮಾಡಿ," ಎಂದು ವಾರ್ಡಿಗೆ ಫೋನಿನಲ್ಲಿ ಹೇಳಿ ನನ್ನತ್ತ ತಿರುಗುತ್ತಾರೆ. "ಇವರಿಬ್ಬರು ಎಣಿಸಿದ ಮೇಲೆ ನಾನು ಧೈರ್ಯವಾಗಿ ಸಹಿ ಹಾಕ್ತೀನಿ." ಅಕ್ಕ ಕೇಳಿಸದವರಂತೆ ಮೇಜು ಒರೆಸುತ್ತಾರೆ, ಕಿವಿ ಮಾತ್ರ ಕೆಂಪಾಗಿದೆ. ನನಗಂತೂ ಅವರ ಪರವಾಗಿ ಹೆಮ್ಮೆಯೆನಿಸುತ್ತದೆ.

ಆ ಹುಡುಗಿ ಎರಡು ಮಹಡಿ ಮೇಲೆ ಮಲಗಿದ್ದಾಳೆ. ಅಕ್ಕ ಅವಳನ್ನು ನೋಡಿಲ್ಲ, ನೋಡುವುದೂ ಇಲ್ಲ. ಅವರಿಗೆ ಗೊತ್ತಿರುವುದು ರಿಜಿಸ್ಟರಿನಲ್ಲಿ ಬರೆದ ಒಂದು ನಂಬರು. ಕಾಯಿಲೆ ಮರುಕಳಿಸಿದವರ ಮಾಂಸ ಅದೇ ನಂಬರಿನಲ್ಲಿ ಮತ್ತೆ ಈ ಮೇಜಿಗೆ ಬರುತ್ತದೆ. ಹಾಗೆ ಬಂದ ನಂಬರುಗಳೆಲ್ಲ ಅಕ್ಕನಿಗೆ ಬಾಯಿಪಾಠ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಹೊಸ ಕುರ್ಚಿಯೋ ಪ್ರಶಸ್ತಿಯೋ ಹೇಳುತ್ತಾರೆಂದು ಪೆನ್ನು ತೆರೆದಿದ್ದೇನೆ. ಅಕ್ಕ ರಿಜಿಸ್ಟರಿನಲ್ಲಿ ಇಂದಿನ ನಂಬರಿನ ಮೇಲೆ ಬೆರಳಿಡುತ್ತಾರೆ.

"ಈ ಮಗುಗೆ ಇನ್ನೊಂದು ಸಲ ನಾನು ಬೇಕಾಗಬಾರದು."