ಜುಟ್ಟಿನ ಕಳ್ಳಿ

ಮುಳ್ಳಿನ ಗಿಡ ಮನೆಯೊಳಗಿದ್ದರೆ ಯಜಮಾನನಿಗೆ ಆಗಿಬರುವುದಿಲ್ಲ ಎಂದು ಅಂಬುಜಮ್ಮನಿಗೆ ಮದುವೆಯಾದ ಹೊಸತರಲ್ಲೇ ಅತ್ತೆ ಹೇಳಿದ್ದರು. ಅತ್ತೆಯ ಬೇರೆ ಎಷ್ಟೋ ಮಾತನ್ನು ಗಾಳಿಗೆ ತೂರಿದ ಈ ಸೊಸೆ ಇದೊಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ಹಾಗಾಗಿ ಗಂಡ ಸದಾನಂದರಾಯರ ಕಳ್ಳಿಗಿಡಗಳೆಲ್ಲ ಅಣ್ಣಾ ನಗರದ ಆ ಮನೆಯ ತಾರಸಿಯಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಸಂಸಾರ ಹೂಡಿದ್ದವು.

ರಾಯರು ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತರು. ಮಾತು ಕಡಿಮೆ. ಮಕ್ಕಳಿರಲಿಲ್ಲ. ೧೯೯೭ರಲ್ಲಿ ಗಿಂಡಿಯ ಸ್ನೇಹಿತರೊಬ್ಬರು ಕೊಟ್ಟ ಬೆರಳಗಲದ ಕಳ್ಳಿಯ ಚೂರೊಂದನ್ನು ತಂದು, ಸಾಧಾರಣ ಕಳ್ಳಿಯ ತಲೆ ಕತ್ತರಿಸಿ ಅದರ ಮೇಲೆ ಕೂರಿಸಿ, ನೂಲು ಸುತ್ತಿ ಕಸಿ ಕಟ್ಟಿದರು. ಬೇರೆ ಕಳ್ಳಿಗಳು ಒಂದೇ ತುದಿಯಿಂದ ನೆಟ್ಟಗೆ ಬೆಳೆದರೆ, ಇದರ ತುದಿ ಅಗಲವಾಗುತ್ತ ಹೋಗಿ, ಮಡಿಕೆ ಮಡಿಕೆಯಾಗಿ ಹುಂಜದ ಜುಟ್ಟಿನಂತೆ ಹರಡಿತು. ಎಲ್ಲೋ ಅಪರೂಪಕ್ಕೊಂದು ಕಳ್ಳಿ ಹೀಗೆ ದಾರಿ ತಪ್ಪುತ್ತದೆ. ರಾಯರು ಭಾನುವಾರ ಬಂತೆಂದರೆ ಅದರ ಮುಂದೆ ಮಂಡಿಯೂರುವರು.

"ಇಲ್ ನೋಡೇ, ಹೊಸ ಮಡಿಕೆ ಬಿಟ್ಟಿದೆ."

"ನನ್ ಸೀರೆ ಮಡಿಕೆ ಎಂದಾದ್ರೂ ನೋಡಿದೀರಾ?"

ಹೀಗೆ ಚುಚ್ಚುತ್ತಿದ್ದರೂ ಅದಕ್ಕೆ ಜುಟ್ಟು ಅಂತ ಹೆಸರಿಟ್ಟವರು ಅಂಬುಜಮ್ಮನೇ. ಸಂಜೆ ಬಟ್ಟೆ ತೆಗೆಯಲು ಹೋದಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಕೆಯೂ ಅದರ ಮುಂದೆ ಒಂದಿಷ್ಟು ಹೊತ್ತು ಕೂರುತ್ತಿದ್ದರು.

೨೦೦೫ರ ಮಳೆಗಾಲದಲ್ಲಿ ರಾಯರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಆಸ್ಪತ್ರೆಯಲ್ಲಿ ನಾಲಿಗೆ ಸ್ವಲ್ಪ ತಿರುಗಿದಾಗ ತೊದಲುತ್ತ ಆಡಿದ ಮೊದಲ ಮಾತು, "ಮಳೆ... ಜುಟ್ಟು ಒಳಗಿಡೇ."

ಅಂಬುಜಮ್ಮ ಮನೆಗೆ ಬಂದವರೇ ಕುಂಡ ಎತ್ತಿಕೊಂಡು ಮೆಟ್ಟಿಲಿಳಿದರು. ಹೊಸ್ತಿಲಲ್ಲಿ ಕಾಲು ತಡೆಯಿತು. ಗಂಡ ಸಾವು ಬದುಕಿನ ನಡುವೆ ಇರುವಾಗ ಮುಳ್ಳನ್ನು ಮನೆಯೊಳಗೆ ತರುವುದೇ? ಆಗುವುದಿಲ್ಲ. ಮಳೆಯಲ್ಲಿ ನೆನೆಯುತ್ತಲೇ ಮತ್ತೆ ಮೇಲೆ ಹತ್ತಿ, ಗಿಡದ ಮೇಲೆ ಪ್ಲಾಸ್ಟಿಕ್ ಬಕೆಟ್ ಕವುಚಿ, ಗಾಳಿಗೆ ಹಾರದಿರಲೆಂದು ಇಟ್ಟಿಗೆ ಹೇರಿ ಬಂದರು.

ಮಳೆ ಬಿಟ್ಟಾಗ ಬಕೆಟ್ ಎತ್ತಿದರೆ, ಗಾಳಿಯಾಡದೆ ಜುಟ್ಟಿನ ಒಂದು ಬದಿ ಕಂದುಗಟ್ಟಿ ಮೆತ್ತಗಾಗಿತ್ತು. ಇನ್ನೊಂದು ಬದಿ ಹಸಿರಾಗಿಯೇ ಇತ್ತು.

"ಜುಟ್ಟು ಹೇಗಿದೆ?" ಎಂದರು ಆಸ್ಪತ್ರೆಯ ಮಂಚದಿಂದ ರಾಯರು.

"ಚೆನ್ನಾಗಿದೇರಿ. ಮೊದ್ಲು ನೀವು ಎದ್ದು ಬನ್ನಿ."

ದಿನವೂ ಅದೇ ಪ್ರಶ್ನೆ, ಅದೇ ಸುಳ್ಳು. ನಿಜ ಕೇಳಿದರೆ ಈ ಜೀವ ತಡೆಯಲಾರದು ಎಂಬ ಭಯ ಆಕೆಗೆ. ಅತ್ತ ಕೊಳೆ ದಿನದಿನಕ್ಕೂ ಹಸಿರನ್ನು ತಿನ್ನುತ್ತ ಬಂತು.

ಮನೆಗೆ ಬಂದ ದಿನವೇ ರಾಯರು ಹಟ ಹಿಡಿದರು. ನೆರೆಮನೆಯವರು ಕುರ್ಚಿಸಮೇತ ಅವರನ್ನು ತಾರಸಿಗೆ ಹೊತ್ತೊಯ್ದರು. ಕುಂಡದಲ್ಲಿ ಕಸಿ ಕಟ್ಟಿದ್ದ ಕಳ್ಳಿಯ ಮೊಂಡು ಬುಡ ಮಾತ್ರ ಉಳಿದಿತ್ತು. ರಾಯರು ಎಡಗೈ ಚಾಚಿ ಅದನ್ನು ಮುಟ್ಟಿದರು.

"ಪೂರ್ತಿ ಒಂದೇ ಸಲ ಹೋಯ್ತಾ?"

"ಇಲ್ಲ. ಮೊದ್ಲು ಅರ್ಧ."

"ಹೇಳಬಾರದಿತ್ತೇನೇ? ಹಸಿರಿದ್ದ ಕಡೆ ಒಂದು ಚೂರು ಕತ್ತರಿಸಿ ಬೇರೆ ಕಳ್ಳಿಗೆ ಕಟ್ಟಿದ್ರೆ ಬದುಕಿಬಿಡ್ತಿತ್ತು. ಮಲಗಿದಲ್ಲಿಂದ್ಲೇ ಹೇಳಿಕೊಡ್ತಿದ್ದೆ."

ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ಅಂಬುಜಮ್ಮ ಹೇಗೋ ತಡೆದುಕೊಳ್ಳುತ್ತಿದ್ದರು. ಆಮೇಲೆ ರಾಯರು ತಾರಸಿಯ ಮಾತೇ ಎತ್ತಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದು, ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು.

ಕರ್ಮಾಂತರವೆಲ್ಲ ಮುಗಿದ ಮೇಲೆ ತಿರುವೊಟ್ಟಿಯೂರಿನ ನಾದಿನಿ ಜಯಲಕ್ಷ್ಮೀ ಮನೆ ಒಪ್ಪ ಮಾಡಲು ನಿಂತಳು. "ಅತ್ತಿಗೆ, ಮೊಟ್ಟೆಮಾಡಿ, ಆ ತಾರಸಿ ಮೇಲಿನ ಮುಳ್ಳೆಲ್ಲ ಯಾರಿಗಾದ್ರೂ ಕೊಟ್ಬಿಡೋಣ. ಪಾವಂ, ಪಾಪ ನೀವು, ನಿಮಗ್ಯಾಕೆ ಆ ತೊಂದ್ರೆ."

ಅಂಬುಜಮ್ಮ ತಾರಸಿಗೆ ಹೋದರು. ಆ ಮೊಂಡು ಬುಡದ ಕುಂಡವನ್ನು ಎದೆಗವಚಿಕೊಂಡು ಇಳಿದು ಬಂದು, ಈ ಸಲ ಹೊಸ್ತಿಲಲ್ಲಿ ನಿಲ್ಲದೆ ಒಳಗೆ ನಡೆದು, ಗಂಡನ ಕುರ್ಚಿಯ ಪಕ್ಕದ ಕಿಟಕಿಯಲ್ಲಿ ಇಟ್ಟರು.

"ಅಯ್ಯೋ ಅತ್ತಿಗೆ, ಒಳಗೆ ಬೇಡ! ಮನೆ ಯಜಮಾನರಿಗೆ ಆಗಿಬರಲ್ಲ ಅಂತ ಅಮ್ಮ ಹೇಳ್ತಿರಲಿಲ್ವಾ?"

"ಇನ್ನು ಯಾರಿಗೆ ಆಗಿಬರಬೇಕು, ಜಯಾ?"